ನಲ್ಲಿಯ ನೀರು ಮತ್ತು ಗಾಜಿನ ತೊಟ್ಟಿಯ ಮೀನು

ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಒಂದಾಗಿ, ಹೊನ್ನಾಳಿಯನ್ನು ಹಾದು, ಉಕ್ಕಡಗಾತ್ರಿಯ ಶ್ರೀ ಕರಿಬಸವೇಶ್ವರ ಸ್ವಾಮಿಯ ಗದ್ದುಗೆಯ ಮಗ್ಗುಲಲ್ಲಿ ಹರಿದು ಹರಿಹರದತ್ತ ಸಾಗುತ್ತವೆ. ಅಮಾವಾಸ್ಯೆಯಂದು ಅಜ್ಜಯ್ಯನ ದರ್ಶನಕ್ಕೆ ಬಂದ ಭಕ್ತರು ಹೊಳೆಯಲ್ಲಿ ಮಿಂದು ದಂಡೆಯ ಮೇಲೆ ಕುಳಿತಿರುವಾಗ, ಮಕ್ಕಳು ಒಂದು ಹಿಡಿ ಮಂಡಕ್ಕಿಯನ್ನು ನೀರಿಗೆ ತೂರಿದರೆ ಸಣ್ಣ ಮೀನುಗಳು ಮುತ್ತಿಕೊಂಡು ಅದನ್ನು ಕ್ಷಣಮಾತ್ರದಲ್ಲಿ ಬರಿದು ಮಾಡುತ್ತವೆ. ಇದೇ ಹೊಳೆ ಕೆಳಗೆ ಹರಿದು ಹೋಗಿ, ಹರಿಹರಕ್ಕೆ ಸಮೀಪದ ರಾಜನಹಳ್ಳಿಯಲ್ಲಿ ಯಂತ್ರಗಳಿಂದ ಮೇಲೆತ್ತಲ್ಪಟ್ಟು, ಶುದ್ಧೀಕರಣಗೊಂಡು, ದಾವಣಗೆರೆಯ ಎಷ್ಟೋ ಮನೆಗಳ ನಲ್ಲಿಗಳಲ್ಲಿ ಸುರಿಯುತ್ತದೆ. ಉಕ್ಕಡಗಾತ್ರಿಯಲ್ಲಿ ಮೀನನ್ನು ಪೊರೆಯುವ ನೀರು ದಾವಣಗೆರೆಯ ನಲ್ಲಿಯನ್ನು ತಲುಪುವ ಹೊತ್ತಿಗೆ ಅದೇ ಮೀನಿನ ಪ್ರಾಣಕ್ಕೆ ಎರವಾಗುತ್ತದೆ. ಹೊಳೆ ಒಂದೇ, ನೀರು ಒಂದೇ. ಹಾಗಿರುವಾಗ ನಡುದಾರಿಯಲ್ಲಿ ಆದ ವ್ಯತ್ಯಾಸವೇನು?

ಈ ಪ್ರಶ್ನೆಯನ್ನು ಎತ್ತಲು ಕಾರಣವಿದೆ. ಈಚಿನ ವರ್ಷಗಳಲ್ಲಿ ನಮ್ಮ ಸಮಾಜದ ಮನೆಗಳ ಪಡಸಾಲೆಯಲ್ಲಿಯೂ ಮೀನಿನ ಗಾಜಿನ ತೊಟ್ಟಿ ಕಾಣಿಸಿಕೊಳ್ಳುತ್ತಿದೆ. ಕೆಲವರು ಮಕ್ಕಳ ಹಟಕ್ಕೆ ಮಣಿದು ತರುತ್ತಾರೆ. ಇನ್ನು ಕೆಲವರು ವಾಸ್ತು ಹೇಳುವವರ ಮಾತು ಕೇಳಿ, ಇಂಥ ದಿಕ್ಕಿನಲ್ಲಿ ಇಂತಿಷ್ಟು ಮೀನು ಇದ್ದರೆ ಮನೆಗೆ ಏಳಿಗೆಯೆಂದು ನಂಬಿ ತರುತ್ತಾರೆ. ತಂದ ನಾಲ್ಕಾರು ದಿನಗಳಲ್ಲಿ ಒಂದೊಂದಾಗಿ ಮೀನುಗಳು ಹೊಟ್ಟೆ ಮೇಲಾಗಿ ತೇಲತೊಡಗುತ್ತವೆ. ಆಗ ಹಿರಿಯರೊಬ್ಬರು ಹೇಳುವ ಮಾತು ಸಿದ್ಧವಾಗಿಯೇ ಇರುತ್ತದೆ: ಮನೆಗೆ ಬರಬೇಕಾಗಿದ್ದ ಕಂಟಕವನ್ನು ಮೀನು ತಾನು ಹೊತ್ತುಕೊಂಡು ಹೋಯಿತು, ಚಿಂತೆ ಬೇಡ, ಇನ್ನೊಂದು ತಂದು ಬಿಡಿರಿ. ಮಗುವಿನ ಕಣ್ಣೀರು ಒರೆಸಲು ಈ ಮಾತು ಅನುಕೂಲವಾದದ್ದು. ಆದರೆ ಇದು ಸತ್ಯವಲ್ಲ. ಆ ಮೀನು ಸತ್ತದ್ದು ಮನೆಯ ಕಂಟಕದಿಂದಲ್ಲ. ಬಹುಪಾಲು ಸಂದರ್ಭಗಳಲ್ಲಿ ಅದು ಸಾಯುವುದು ನಾವು ಕೊಡದಿಂದ ಸುರಿದ ನೀರಿನಿಂದ, ಅಥವಾ ಆ ನೀರಿನಲ್ಲಿ ಆಮೇಲೆ ಹುಟ್ಟಿದ ವಿಷದಿಂದ. ಈ ಎರಡು ಬೇರೆ ಬೇರೆ ಸಾವುಗಳು. ಮೊದಲನೆಯದನ್ನು ತಡೆಯಲು ಅಂಗಡಿಯಲ್ಲಿ ಒಂದು ಸಣ್ಣ ಸೀಸೆ ಸಿಗುತ್ತದೆ. ಎರಡನೆಯದನ್ನು ಆ ಸೀಸೆ ತಡೆಯಲಾರದು. ಈ ಭೇದವನ್ನು ಅರಿಯದ ಕಾರಣದಿಂದಲೇ ಸೀಸೆ ತಂದ ಮನೆಗಳಲ್ಲಿಯೂ ಮೀನು ಸಾಯುತ್ತಿದೆ.

ಜೀವಿಯನ್ನು ಗಾಜಿನೊಳಗೆ ಇಟ್ಟು ನೋಡಿ ನಲಿಯುವುದು ತರವೇ ಎಂದು ಕೇಳುವ ಹಿರಿಯರೂ ನಮ್ಮಲ್ಲಿದ್ದಾರೆ. ಆ ಪ್ರಶ್ನೆಯನ್ನು ನಾನು ಲಘುವಾಗಿ ಕಾಣುವುದಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ತರದಿರುವುದು ಲೇಸು. ತಂದಮೇಲೆ ಅದರ ಉಸಿರಿನ ಹೊಣೆ ತಂದವರದು. ಆ ಹೊಣೆಯನ್ನು ನಿರ್ವಹಿಸಲು ಭಕ್ತಿಯೊಂದೇ ಸಾಲದು, ಸ್ವಲ್ಪ ರಸಾಯನಶಾಸ್ತ್ರವೂ ಬೇಕಾಗುತ್ತದೆ.

ನಲ್ಲಿಯ ನೀರಿನಲ್ಲಿ ಏನಿದೆ?

ಹೊಳೆಯಿಂದ ಎತ್ತಿದ ನೀರಿಗೆ ಮೊದಲು ಪಟಿಕವನ್ನು ಬೆರೆಸುತ್ತಾರೆ. ತೇಲುವ ಮಣ್ಣಿನ ಕಣಗಳು ಅದರಿಂದ ಒಂದಕ್ಕೊಂದು ಅಂಟಿ ತಳಕ್ಕೆ ಇಳಿಯುತ್ತವೆ. ತಿಳಿಯಾದ ನೀರು ಮರಳಿನ ಶೋಧಕದಲ್ಲಿ ಇಳಿದು ಬರುತ್ತದೆ. ಅಲ್ಲಿಯವರೆಗೆ ನಡೆದದ್ದು ಮೀನಿಗೆ ಕೇಡಲ್ಲ. ಕೊನೆಯ ಹಂತದಲ್ಲಿ ರೋಗಾಣುಗಳನ್ನು ಕೊಲ್ಲಲು ಕ್ಲೋರಿನ್ ಅನಿಲವನ್ನಾಗಲಿ ಬ್ಲೀಚಿಂಗ್ ಪುಡಿಯನ್ನಾಗಲಿ ಸೇರಿಸುತ್ತಾರೆ. 1905ರಲ್ಲಿ ಇಂಗ್ಲೆಂಡಿನ ಲಿಂಕನ್ ನಗರದಲ್ಲಿ ವಿಷಮಶೀತಜ್ವರ ಹಬ್ಬಿದಾಗ ಊರಿನ ನೀರಿಗೆ ಕ್ಲೋರಿನ್ ಸೇರಿಸತೊಡಗಿದರು. 1908ರಲ್ಲಿ ಅಮೆರಿಕದ ಜೆರ್ಸಿ ನಗರ ಅದೇ ದಾರಿ ಹಿಡಿಯಿತು. ಬಳಿಕ ಲೋಕದ ಊರೂರುಗಳಿಗೆ ಅದು ಹಬ್ಬಿತು. ವಾಂತಿಭೇದಿಯೂ ವಿಷಮಶೀತಜ್ವರವೂ ಹಿಂದಿನಂತೆ ಊರಿಗೂರನ್ನೇ ಬರಿದು ಮಾಡದಿರಲು ಈ ಪುಡಿಯ ಪಾತ್ರ ಬಹು ದೊಡ್ಡದು. ಆದ್ದರಿಂದ ಮೀನಿನ ಸಲುವಾಗಿ ಕ್ಲೋರಿನ್ನನ್ನು ಯಾರೂ ನಿಂದಿಸಬೇಕಾಗಿಲ್ಲ.

ಶುದ್ಧೀಕರಣ ಘಟಕದಲ್ಲಿ ರೋಗಾಣುಗಳನ್ನು ಕೊಂದರಷ್ಟೇ ಸಾಲದು. ನೀರು ಮೈಲಿಗಟ್ಟಲೆ ಕೊಳವೆಯಲ್ಲಿ ಬರುವಾಗ ಎಲ್ಲೋ ಒಂದೆಡೆ ಬಿರುಕಿನಿಂದ ಚರಂಡಿಯ ನೀರು ಸೇರಬಹುದು. ಅದನ್ನು ಎದುರಿಸಲೆಂದು ನಲ್ಲಿಯ ತುದಿಯವರೆಗೂ ಸ್ವಲ್ಪ ಕ್ಲೋರಿನ್ ಉಳಿದಿರಬೇಕು. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಅದು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ. ಈ ಉಳಿಕೆಯೇ ಮೀನಿಗೆ ಮುಳುವಾಗುವುದು. ನಮಗೆ ವಾಸನೆಯೂ ಸರಿಯಾಗಿ ತಿಳಿಯದಷ್ಟು ಅಲ್ಪವಾದ ಈ ಅಂಶವೇ ಎಷ್ಟೋ ಜಾತಿಯ ಮೀನುಗಳನ್ನು ಕೊಲ್ಲಲು ಸಾಕು.

ನಾವು ಕುಡಿದರೆ ಆಗದ ಕೇಡು ಮೀನಿಗೇಕೆ ಆಗುತ್ತದೆ? ನಾವು ಕುಡಿದ ನೀರು ಹೊಟ್ಟೆಗೆ ಇಳಿಯುತ್ತದೆ. ಬಾಯಿಯ ಲಾಲಾರಸ, ಹೊಟ್ಟೆಯ ರಸ, ಉಂಡ ಅನ್ನ ಇವುಗಳ ಮೇಲೆ ಕ್ಲೋರಿನ್ ತನ್ನ ಬಲವನ್ನು ವ್ಯಯ ಮಾಡಿ, ರಕ್ತವನ್ನು ಸೇರುವ ಮೊದಲೇ ನಿಸ್ತೇಜವಾಗುತ್ತದೆ. ಮೀನು ನೀರನ್ನು ಕಿವಿರಿನಿಂದ ಉಸಿರಾಡುತ್ತದೆ. ಕಿವಿರೆಂಬುದು ನೀರಿಗೂ ರಕ್ತಕ್ಕೂ ನಡುವೆ ಇರುವ ಅತಿ ತೆಳುವಾದ ಪೊರೆ. ನಮ್ಮ ಪುಪ್ಪುಸದ ಒಳಮೈಯನ್ನು ಹೊರಗೆ ತೆರೆದಿಟ್ಟಂತೆ. ಕ್ಲೋರಿನ್ ಆ ಪೊರೆಯನ್ನು ಸುಡುತ್ತದೆ. ಸುಟ್ಟ ಜಾಗದಲ್ಲಿ ಲೋಳೆ ಕಟ್ಟಿ, ನೀರಿನಲ್ಲಿ ಪ್ರಾಣವಾಯು ಇದ್ದರೂ ಅದು ರಕ್ತಕ್ಕೆ ಇಳಿಯದು. ಹೊಸ ನೀರು ತುಂಬಿದ ಕೆಲವೇ ಗಂಟೆಗಳಲ್ಲಿ ಮೀನು ಮೇಲೆ ಬಂದು ಬಾಯಿ ತೆರೆತೆರೆದು ಮುಚ್ಚುವುದನ್ನು ಕಂಡರೆ, ಅದು ಹಸಿವಿನಿಂದ ಬೇಡುತ್ತಿದೆಯೆಂದು ಭಾವಿಸಿ ಕೆಲವರು ಇನ್ನಷ್ಟು ಆಹಾರ ಹಾಕುತ್ತಾರೆ. ಉಸಿರುಗಟ್ಟಿದವನ ಬಾಯಿಗೆ ಅನ್ನದ ತುತ್ತು ತುರುಕಿದಂತೆ ಇದು.

ಸೀಸೆಯೊಳಗಿನ ಔಷಧ

ಅಂಗಡಿಗಳಲ್ಲಿ ಇದನ್ನು ವಾಟರ್ ಕಂಡೀಷನರ್ ಎಂದೂ ಆಂಟಿ ಕ್ಲೋರಿನ್ ಎಂದೂ ಕರೆಯುತ್ತಾರೆ. ಕನ್ನಡದಲ್ಲಿ ಜಲಸಂಸ್ಕಾರಕವೆನ್ನಬಹುದು. ಸಂಸ್ಕಾರವೆಂದರೆ ದೋಷವನ್ನು ಕಳೆದು ಯೋಗ್ಯವಾಗಿಸುವುದಲ್ಲವೇ? ಆದರೂ ಕೊಳ್ಳುವಾಗ ಅಂಗಡಿಯ ಮಾತನ್ನೇ ಆಡಿರಿ, ಇಲ್ಲವಾದರೆ ಅಂಗಡಿಯವರು ಕಕ್ಕಾಬಿಕ್ಕಿಯಾದಾರು. ನೀಲಿ ಬಣ್ಣದ ಇನ್ನೊಂದು ಸೀಸೆ ಪಕ್ಕದಲ್ಲಿಯೇ ಇರುತ್ತದೆ. ಅದು ಮೆಥಿಲೀನ್ ಬ್ಲೂ, ಮೀನಿನ ಮೈಗೆ ತಗಲುವ ಬೂಜು ರೋಗಕ್ಕೆ ಕೊಡುವ ಔಷಧ. ಅದಕ್ಕೂ ಕ್ಲೋರಿನ್ನಿಗೂ ಸಂಬಂಧವಿಲ್ಲ. ಒಂದರ ಬದಲು ಇನ್ನೊಂದನ್ನು ತಂದು ಹಾಕಿ, ಔಷಧ ಹಾಕಿದರೂ ಮೀನು ಉಳಿಯಲಿಲ್ಲವೆಂದು ಹಲುಬುವವರನ್ನು ಕಂಡಿದ್ದೇನೆ.

ಇಂಥ ಸೀಸೆಗಳಲ್ಲಿ ಸಾಮಾನ್ಯವಾಗಿ ಇರುವ ಮುಖ್ಯ ದ್ರವ್ಯ ಸೋಡಿಯಂ ಥಯೋಸಲ್ಫೇಟ್. ಹೆಸರು ಹೊಸದೆನಿಸಿದರೂ ವಸ್ತು ಹಳೆಯದು. 1819ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಈ ಲವಣಗಳು ಬೆಳ್ಳಿಯ ಲವಣಗಳನ್ನು ಕರಗಿಸುತ್ತವೆಂದು ಕಂಡುಕೊಂಡರು. ಅದರ ಫಲವಾಗಿ ಛಾಯಾಚಿತ್ರವನ್ನು ಅಳಿಯದಂತೆ ನಿಲ್ಲಿಸುವ ದ್ರಾವಣ ಸಿದ್ಧವಾಯಿತು. ಕಪ್ಪುಬಿಳುಪು ಚಿತ್ರಗಳ ಕಾಲದಲ್ಲಿ ನಮ್ಮ ಊರುಗಳ ಫೋಟೋ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ‘ಹೈಪೋ’ ಎಂದು ಕರೆಯುತ್ತಿದ್ದ ಬಿಳಿಯ ಹರಳು ಇದೇ. ನಮ್ಮ ಹಿರಿಯರ ಮದುವೆಯ ಚಿತ್ರಗಳು ಇಂದಿಗೂ ಗೋಡೆಯ ಮೇಲೆ ಉಳಿದಿರುವುದರಲ್ಲಿ ಇದರ ಪಾಲೂ ಇದೆ.

ಇದು ಕೆಲಸ ಮಾಡುವ ಬಗೆ ಸರಳವಾದದ್ದು. ಕ್ಲೋರಿನ್ನಿನ ಉಗ್ರತೆಗೆ ಕಾರಣ ಅದು ಎದುರಿಗೆ ಸಿಕ್ಕ ವಸ್ತುವಿನಿಂದ ಎಲೆಕ್ಟ್ರಾನುಗಳನ್ನು ಕಿತ್ತುಕೊಳ್ಳುವ ಸ್ವಭಾವ. ರೋಗಾಣುವಾಗಲಿ ಕಿವಿರಾಗಲಿ ಅದಕ್ಕೆ ಭೇದವಿಲ್ಲ. ಥಯೋಸಲ್ಫೇಟ್ ತನ್ನ ಎಲೆಕ್ಟ್ರಾನುಗಳನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. ಹಸಿದು ಬಂದವನಿಗೆ ಬಾಗಿಲಲ್ಲಿಯೇ ಊಟವಿಟ್ಟರೆ ಅವನು ಒಳನುಗ್ಗುವುದಿಲ್ಲ. ಹಾಗೆ ಕ್ಲೋರಿನ್ ಥಯೋಸಲ್ಫೇಟಿನಿಂದ ತೃಪ್ತಿಗೊಂಡು ಕ್ಲೋರೈಡ್ ಆಗಿ, ಎಂದರೆ ನಮ್ಮ ಅಡುಗೆಯ ಉಪ್ಪಿನಲ್ಲಿರುವ ಅಂಶವೇ ಆಗಿ ಶಾಂತವಾಗುತ್ತದೆ. ಜೊತೆಗೆ ಗಂಧಕದ ನಿರಪಾಯಕರ ಲವಣಗಳು ಅತ್ಯಲ್ಪ ಪ್ರಮಾಣದಲ್ಲಿ ಉಳಿಯುತ್ತವೆ. ಇದೆಲ್ಲವೂ ನಡೆಯುವುದು ಒಂದೆರಡು ನಿಮಿಷಗಳೊಳಗೆ.

ಪ್ರಮಾಣವೆಷ್ಟು? ಒಂದು ಮಿಲಿಗ್ರಾಂ ಕ್ಲೋರಿನ್ನನ್ನು ಶಾಂತಗೊಳಿಸಲು ಸುಮಾರು ಏಳು ಮಿಲಿಗ್ರಾಂ ಹರಳು ಹಾಕಿದರೆ ನಿಶ್ಚಿಂತೆ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯಲ್ಲಿ ಕಂಠಮಟ್ಟ ತುಂಬಿದರೆ ಸುಮಾರು 56 ಲೀಟರ್ ಹಿಡಿಯುತ್ತದೆ. ಮರಳು, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ 45 ಲೀಟರ್ ಎನ್ನಿ. ವಾರಕ್ಕೊಮ್ಮೆ ಕಾಲುಭಾಗ ಬದಲಾಯಿಸಿದರೆ 15 ಲೀಟರಿನ ಒಂದು ಬಕೆಟ್ಟು ನೀರು ಸಾಕು. ಲೀಟರಿಗೆ ಅರ್ಧ ಮಿಲಿಗ್ರಾಂ ಕ್ಲೋರಿನ್ ಇದೆಯೆಂದರೂ ಆ ಬಕೆಟ್ಟಿನಲ್ಲಿರುವುದು ಏಳೂವರೆ ಮಿಲಿಗ್ರಾಂ. ಅದಕ್ಕೆ ಬೇಕಾದ ಹರಳು ಸುಮಾರು 52 ಮಿಲಿಗ್ರಾಂ, ಎರಡು ಮೂರು ಅಕ್ಕಿಕಾಳಿನ ತೂಕ. ಶುದ್ಧವಾದ ಹರಳು ದೊರೆತಲ್ಲಿ ಹತ್ತು ಗ್ರಾಮನ್ನು ಕಾಯಿಸಿ ಆರಿಸಿದ ಒಂದು ಲೀಟರ್ ನೀರಿನಲ್ಲಿ ಕರಗಿಸಿಟ್ಟು, ಬಕೆಟ್ಟಿಗೆ ಒಂದೆರಡು ಟೀ ಚಮಚೆಯಷ್ಟು ಹಾಕಿದರೆ ಅಂಗಡಿಯ ಸೀಸೆಯ ಕೆಲಸವೇ ಆಗುತ್ತದೆ. ಈ ದ್ರಾವಣ ಬಹುಕಾಲ ಬಾಳದು; ಕತ್ತಲಲ್ಲಿ ಮುಚ್ಚಿಟ್ಟು, ಒಂದೆರಡು ತಿಂಗಳಿಗೊಮ್ಮೆ ಹೊಸದು ಮಾಡಬೇಕು. ಸೀಸೆಯ ಮೇಲೆ ಹೆಸರು ಬರೆದು, ಕೂಸುಗಳ ಕೈಗೆ ಎಟುಕದಂತೆ ಇಡುವುದನ್ನು ತಾಯಂದಿರಿಗೆ ಬೇರೆ ಹೇಳಬೇಕಾಗಿಲ್ಲ.

ಇಲ್ಲಿ ಕ್ರಮವೇ ಮುಖ್ಯ. ಔಷಧವನ್ನು ಬಕೆಟ್ಟಿನ ನೀರಿಗೆ ಮೊದಲು ಹಾಕಿ, ಕದಡಿ, ಐದು ನಿಮಿಷ ಬಿಟ್ಟು, ಆಮೇಲೆ ತೊಟ್ಟಿಗೆ ಸುರಿಯಬೇಕು. ನಲ್ಲಿಯ ನೀರನ್ನು ನೇರವಾಗಿ ತೊಟ್ಟಿಗೆ ಬಿಟ್ಟು ಅನಂತರ ಹನಿ ಹಾಕುವುದು, ಸುಟ್ಟ ಮೇಲೆ ತಣ್ಣೀರು ಎರಚಿದಂತೆ. ಕ್ಲೋರಿನ್ ಉಳಿದಿದೆಯೋ ಇಲ್ಲವೋ ಎಂದು ನೋಡಲು ಕ್ಲೋರೋಸ್ಕೋಪ್ ಎಂಬ ಪುಟ್ಟ ಪೆಟ್ಟಿಗೆ ಉಂಟು. ಆರೋಗ್ಯ ಇಲಾಖೆಯ ಸಿಬ್ಬಂದಿ ಬಾವಿ, ನಲ್ಲಿಗಳ ಬಳಿ ಅದನ್ನು ಹಿಡಿದು ನಿಂತದ್ದನ್ನು ಹಲವರು ಕಂಡಿರಬಹುದು. ಹನಿ ಬಿದ್ದೊಡನೆ ನೀರು ಹಳದಿಯಾದರೆ ಕ್ಲೋರಿನ್ ಇದೆಯೆಂದರ್ಥ. ಪರೀಕ್ಷಿಸಿದ ಆ ನೀರನ್ನು ಮಾತ್ರ ತೊಟ್ಟಿಗೆ ಮರಳಿ ಸುರಿಯಬಾರದು, ಆ ಹನಿಯೂ ಒಳ್ಳೆಯದಲ್ಲ.

ಸೀಸೆಯಲ್ಲಿ ಕೆಲವೊಮ್ಮೆ ಇನ್ನೂ ಎರಡು ದ್ರವ್ಯಗಳಿರುತ್ತವೆ. ಇಡಿಟಿಎ ಎಂಬುದು ತಾಮ್ರ, ಸತು ಮುಂತಾದ ಲೋಹದ ಅಂಶಗಳನ್ನು ಏಡಿಯ ಕೊಂಡಿಯಂತೆ ಹಿಡಿದುಕೊಳ್ಳುತ್ತದೆ. ಇದು ನಮ್ಮ ಮನೆಗಳಿಗೆ ವಿಶೇಷವಾಗಿ ಸಂಬಂಧಿಸಿದ ವಿಷಯ. ತಾಮ್ರದ ಹಂಡೆ, ತಾಮ್ರದ ಕೊಡದಲ್ಲಿ ರಾತ್ರಿಯಿಡೀ ಇಟ್ಟ ನೀರು ನಮಗೆ ಹಿತವೆಂದು ಹಿರಿಯರು ಹೇಳುತ್ತಾರೆ. ಮೀನಿಗೆ ಅದು ಹಿತವಲ್ಲ. ಕರಗಿದ ತಾಮ್ರ ಅಲ್ಪವಾದರೂ ಕಿವಿರಿಗೆ ವಿಷ. ಬಸವನಹುಳುಗಳಂತೂ ಬದುಕಲಾರವು. ಮೀನಿನ ನೀರಿಗೆ ಪ್ಲಾಸ್ಟಿಕ್ಕಿನ ಬಕೆಟ್ಟೇ ಸರಿ, ಅದೂ ಸೋಪು ಕಾಣದ ಬಕೆಟ್ಟು. ಇನ್ನೊಂದು ದ್ರವ್ಯ ಲೋಳೆಸರದ ಸಾರ. ಮೀನಿನ ಮೈಮೇಲಿನ ಲೋಳೆಯ ಪೊರೆ ಕಿತ್ತುಹೋದಲ್ಲಿ ಅದು ರಕ್ಷಣೆ ಕೊಡುತ್ತದೆಂದು ಮಾರುವವರು ಹೇಳುತ್ತಾರೆ. ಇದ್ದರೆ ತೊಂದರೆಯಿಲ್ಲ, ಆದರೆ ಅದಕ್ಕಾಗಿ ಇಮ್ಮಡಿ ಬೆಲೆ ತೆರಬೇಕಾದ ಅಗತ್ಯ ನನಗೆ ಕಾಣದು.

ಎರಡನೆಯ ಸಾವು

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಸೀಸೆಯ ಹನಿ ಹಾಕಿ, ಕ್ಲೋರಿನ್ ಹೋಗಿ, ಮೀನು ಮೂರು ದಿನ ಚುರುಕಾಗಿ ಓಡಾಡಿ, ಐದನೆಯ ದಿನವೋ ಹತ್ತನೆಯ ದಿನವೋ ಸತ್ತರೆ ದೋಷ ಎಲ್ಲಿದೆ? ಹೊಳೆಯಲ್ಲಿ ಮೀನಿನ ಮಲ ಹರಿದು ಹೋಗುತ್ತದೆ. ಗಾಜಿನೊಳಗೆ ಅದು ಅಲ್ಲಿಯೇ ಉಳಿಯುತ್ತದೆ. ಮೀನು ಕಿವಿರಿನ ಮೂಲಕ ಹೊರಹಾಕುವ ಅಮೋನಿಯ, ತಿನ್ನದೆ ಉಳಿದ ಆಹಾರ ಕೊಳೆತು ಹುಟ್ಟುವ ಅಮೋನಿಯ, ಎರಡೂ ದಿನದಿನಕ್ಕೆ ಏರುತ್ತವೆ. ನೀರು ಕಣ್ಣಿಗೆ ಸ್ಫಟಿಕದಂತೆ ಕಾಣುತ್ತಿರುವಾಗಲೇ ಅದು ವಿಷವಾಗಿರುತ್ತದೆ. ಮೇಜಿನ ಮೇಲಿಡುವ ಗುಂಡು ಬಟ್ಟಲಿನಲ್ಲಿ ಚಿನ್ನದ ಮೀನನ್ನು ಇಟ್ಟವರಿಗೆ ಇದು ಇನ್ನೂ ಬೇಗ ಎದುರಾಗುತ್ತದೆ. ಅಂಗಡಿಯವರು ಆ ಬಟ್ಟಲನ್ನು ಮಾರದಿದ್ದರೆ ಎಷ್ಟೋ ಜೀವ ಉಳಿಯುತ್ತಿತ್ತು.

ಇದಕ್ಕೆ ಪ್ರಕೃತಿಯೇ ಒಂದು ವ್ಯವಸ್ಥೆ ಮಾಡಿದೆ. ನೈಟ್ರೊಸೊಮೊನಾಸ್ ಮುಂತಾದ ಸೂಕ್ಷ್ಮಜೀವಿಗಳು ಅಮೋನಿಯವನ್ನು ನೈಟ್ರೈಟ್ ಆಗಿಸುತ್ತವೆ. ನೈಟ್ರೊಸ್ಪೈರಾ ಎಂಬ ಇನ್ನೊಂದು ವರ್ಗ ಅದನ್ನು ನೈಟ್ರೇಟ್ ಆಗಿಸುತ್ತದೆ. ಅಮೋನಿಯವೂ ನೈಟ್ರೈಟೂ ಕಡುವಿಷ. ನೈಟ್ರೇಟ್ ಬಹುಮಟ್ಟಿಗೆ ಸಹ್ಯ. ಈ ಜೀವಿಗಳು ಫಿಲ್ಟರಿನ ಸ್ಪಂಜು, ಮರಳು, ಕಲ್ಲುಗಳ ಮೈಮೇಲೆ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಹೊಸ ತೊಟ್ಟಿಗೆ ಮೊದಲ ದಿನವೇ ಹತ್ತಾರು ಮೀನು ಬಿಟ್ಟರೆ, ಅಡುಗೆಯವರಿಲ್ಲದ ದಾಸೋಹಕ್ಕೆ ಊರನ್ನೇ ಕರೆದಂತಾಗುತ್ತದೆ. ಒಂದೆರಡು ಮೀನಿನಿಂದ ತೊಡಗಿ, ಅತಿ ಕಡಿಮೆ ಆಹಾರ ಹಾಕುತ್ತಾ, ತಿಂಗಳೊಂದು ಕಳೆದ ಮೇಲೆ ಹೆಚ್ಚಿಸುವುದು ವಿವೇಕ.

ಮೀನಿನ ಉಸಿರಿಗೆ ಕೇಡಾದ ಕ್ಲೋರಿನ್ ಈ ಸೂಕ್ಷ್ಮಜೀವಿಗಳಿಗೂ ಮೃತ್ಯು. ಅದು ಇರುವುದೇ ಸೂಕ್ಷ್ಮಜೀವಿಗಳನ್ನು ಕೊಲ್ಲಲು. ನಮ್ಮ ಗೃಹಿಣಿಯರ ಶುಚಿತ್ವ ಲೋಕಪ್ರಸಿದ್ಧವಾದದ್ದು. ತೊಟ್ಟಿಯನ್ನು ತೊಳೆಯುವ ದಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು, ಬಿಳುಪಾಗುವವರೆಗೆ ಹಿಂಡಿ, ಮರಳನ್ನೂ ಉಜ್ಜಿ ಇಡುತ್ತಾರೆ. ಅಂದೇನೂ ಆಗುವುದಿಲ್ಲ. ನಾಲ್ಕೈದು ದಿನಕ್ಕೆ ಮೀನು ಸಾಯುತ್ತದೆ. ತೊಳೆದದ್ದಕ್ಕೂ ಸತ್ತದ್ದಕ್ಕೂ ಸಂಬಂಧ ಹೊಳೆಯದೆ, ದೃಷ್ಟಿ ತಗಲಿತೆಂದೋ ಕಂಟಕ ಕಳೆಯಿತೆಂದೋ ಸಮಾಧಾನಪಟ್ಟುಕೊಳ್ಳುತ್ತಾರೆ. ಮಾಡಬೇಕಾದದ್ದು ಇಷ್ಟೆ: ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲಿಯೇ ಸ್ಪಂಜನ್ನು ಎರಡು ಬಾರಿ ಅದ್ದಿ ಹಿಂಡುವುದು. ಅದು ಕಂದು ಬಣ್ಣದ್ದಾಗಿಯೇ ಇರಲಿ, ಆ ಕಂದು ಬಣ್ಣದಲ್ಲಿಯೇ ತೊಟ್ಟಿಯ ಜೀವವಿದೆ.

ಅಮೋನಿಯವನ್ನೂ ಕಟ್ಟಿಹಾಕುವ ಸಂಸ್ಕಾರಕಗಳು ಉಂಟು. ಅವುಗಳಲ್ಲಿ ಗಂಧಕದ ಬೇರೆ ಸಂಯುಕ್ತಗಳಿದ್ದು, ಅಮೋನಿಯವನ್ನು ತಾತ್ಕಾಲಿಕವಾಗಿ ನಿರಪಾಯಕರ ರೂಪದಲ್ಲಿ ಹಿಡಿದಿಡುತ್ತವೆ. ಕ್ಲೋರಿನ್ ಅಮೋನಿಯದೊಡನೆ ಕೂಡಿ ಕ್ಲೋರಮೈನ್ ಆಗಿರುವ ನೀರಿಗೆ ಇವು ಉಪಯುಕ್ತ. ಯಾಕೆಂದರೆ ಬರಿಯ ಥಯೋಸಲ್ಫೇಟ್ ಕ್ಲೋರಮೈನಿನ ಕ್ಲೋರಿನ್ನನ್ನು ಕಳೆದು ಅಮೋನಿಯವನ್ನು ಹಾಗೆಯೇ ಬಿಟ್ಟುಬಿಡುತ್ತದೆ. ಪಾಶ್ಚಾತ್ಯ ದೇಶಗಳ ಹಲವು ನಗರಗಳು ಬೇಕೆಂದೇ ಕ್ಲೋರಮೈನ್ ಬಳಸುತ್ತವೆ. ನಮ್ಮಲ್ಲಿ ಅದು ರೂಢಿಯಲ್ಲದಿದ್ದರೂ, ಕೊಳೆ ಬೆರೆತ ನೀರಿಗೆ ಬ್ಲೀಚಿಂಗ್ ಪುಡಿ ಬಿದ್ದಾಗ ತಾನಾಗಿಯೇ ಹುಟ್ಟಬಲ್ಲುದು. ಇಂಥ ಸೀಸೆಗಳನ್ನು ಅಳತೆ ಮೀರಿ ಹಾಕಿದರೆ ಕೆಲವು ನೀರಿನ ಪ್ರಾಣವಾಯುವನ್ನೂ ಕಬಳಿಸುತ್ತವೆ. ಗಾಳಿಯ ಪಂಪು ಓಡುತ್ತಿರಲಿ.

ಸೀಸೆಯೇ ಇಲ್ಲದೆ ನಡೆಯುವುದಿಲ್ಲವೇ? ನಡೆಯುತ್ತದೆ. ಅಗಲ ಬಾಯಿಯ ಬಕೆಟ್ಟಿನಲ್ಲಿ ನೀರು ಹಿಡಿದು ಬಿಸಿಲು ಬೀಳುವ ಮಾಳಿಗೆಯ ಮೇಲೆ ಒಂದು ದಿನ ಇಟ್ಟು, ಆಗಾಗ ಕದಡಿದರೆ ಕ್ಲೋರಿನ್ ಗಾಳಿಗೆ ಹಾರಿಹೋಗುತ್ತದೆ, ಉಳಿದದ್ದನ್ನು ಬಿಸಿಲು ಒಡೆಯುತ್ತದೆ. ಸೊಳ್ಳೆ ಮೊಟ್ಟೆಯಿಡದಂತೆ ತೆಳು ಬಟ್ಟೆ ಕಟ್ಟಬೇಕು. ಸುರಿಯುವ ಮೊದಲು ನೆರಳಿನಲ್ಲಿ ಆರಿಸಬೇಕು. ಮುಚ್ಚಿದ ಸಿಂಟೆಕ್ಸ್ ತೊಟ್ಟಿಯ ನೀರು ಒಂದು ದಿನ ನಿಂತಿದೆಯಲ್ಲ ಎಂದು ನಂಬಬಾರದು, ಅದಕ್ಕೆ ಗಾಳಿಯೂ ಇಲ್ಲ ಬಿಸಿಲೂ ಇಲ್ಲ. ಕ್ಲೋರಮೈನ್ ಈ ಉಪಾಯಕ್ಕೆ ಬಗ್ಗದು.

ಮುಂಗಾರಿನಲ್ಲಿ ಹೆಚ್ಚಿನ ಎಚ್ಚರ ಬೇಕು. ಮಲೆನಾಡಿನಲ್ಲಿ ಮಳೆ ಹಿಡಿದು ತುಂಗಭದ್ರೆ ಕೆಂಪಾಗಿ ಉಕ್ಕಡಗಾತ್ರಿಯ ಮೆಟ್ಟಿಲುಗಳನ್ನು ಮುಳುಗಿಸುವ ದಿನಗಳಲ್ಲಿ, ಕೆಳಗೆ ನೀರು ಶುದ್ಧೀಕರಿಸುವವರು ಪಟಿಕವನ್ನೂ ಕ್ಲೋರಿನ್ನನ್ನೂ ಹೆಚ್ಚಿಸಬೇಕಾಗುತ್ತದೆ. ಬೇಸಿಗೆಯಲ್ಲಿ ಸಾಕಾಗುತ್ತಿದ್ದ ಹನಿಗಳು ಆಗ ಸಾಲದಿರಬಹುದು. ನಲ್ಲಿ ತಿರುಗಿಸಿದೊಡನೆ ಬ್ಲೀಚಿಂಗ್ ಪುಡಿಯ ವಾಸನೆ ಮೂಗಿಗೆ ಬಡಿದ ದಿನ ನೀರು ಬದಲಾಯಿಸುವುದನ್ನೇ ಮುಂದೂಡಿರಿ, ಅಥವಾ ಔಷಧವನ್ನು ಇಮ್ಮಡಿ ಮಾಡಿರಿ. ಥಯೋಸಲ್ಫೇಟ್ ತುಸು ಹೆಚ್ಚಾದರೆ ಮೀನಿಗೆ ಹಾನಿಯಿಲ್ಲ.

ದಾವಣಗೆರೆಯ ಎಲ್ಲ ನಲ್ಲಿಗಳಿಗೂ ಹೊಳೆಯ ನೀರೇ ಬರುವುದಿಲ್ಲ. ಭದ್ರಾ ನಾಲೆಯಿಂದ ತುಂಬುವ ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗಳಿಂದಲೂ ನೀರು ಬರುತ್ತದೆ. ಅದಕ್ಕೂ ಕ್ಲೋರಿನ್ ಉಂಟು, ಕ್ರಮವೂ ಒಂದೇ. ಕೊಳವೆಬಾವಿಯ ನೀರಿನ ಮಾತು ಬೇರೆ. ಅದರಲ್ಲಿ ಕ್ಲೋರಿನ್ ಇಲ್ಲ, ಸೀಸೆಯೂ ಬೇಕಾಗಿಲ್ಲ. ಆದರೆ ಭೂಮಿಯಾಳದಿಂದ ಬಂದ ನೀರಿನಲ್ಲಿ ಪ್ರಾಣವಾಯು ಕಡಿಮೆ; ಕೆಲವು ಗಂಟೆ ಗಾಳಿಯಾಡಿಸಿಯೇ ಬಳಸಬೇಕು. ನಮ್ಮ ಬಯಲುಸೀಮೆಯಲ್ಲಿ ಅದು ಬಹುಕಡೆ ಗಡಸು ನೀರು. ಸಂಸ್ಕಾರಕ ಗಡಸುತನವನ್ನು ಕಳೆಯುವುದಿಲ್ಲ. ಗಡಸು ನೀರು ಸಾಮಾನ್ಯವಾಗಿ ಕ್ಷಾರಗುಣದ್ದು, ಕ್ಷಾರ ಹೆಚ್ಚಿದಷ್ಟೂ ಅಮೋನಿಯದ ವಿಷ ಏರುತ್ತದೆ. 25 ಡಿಗ್ರಿ ಉಷ್ಣತೆಯಲ್ಲಿ ಪಿಹೆಚ್ 7 ಇದ್ದಾಗ ಒಟ್ಟು ಅಮೋನಿಯದ ನೂರರಲ್ಲಿ ಅರ್ಧಪಾಲು ಮಾತ್ರ ವಿಷರೂಪದಲ್ಲಿರುತ್ತದೆ; ಪಿಹೆಚ್ 8 ಆದರೆ ಅದು ಐದು ಪಾಲಿಗೆ ಏರುತ್ತದೆ. ಕೊಳವೆಬಾವಿಯ ಮನೆಗಳಲ್ಲಿ ಆಹಾರದ ಮಿತಿ ಇನ್ನೂ ಬಿಗಿಯಾಗಿರಬೇಕೆನ್ನುವುದು ಇದಕ್ಕಾಗಿ. ಇನ್ನು ಹಳ್ಳಿಗಳಲ್ಲಿ ಬಂದಿರುವ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನಿನ ನೀರು ಅತಿ ಶುದ್ಧವೆಂದು ಅದನ್ನೇ ತುಂಬುವವರಿದ್ದಾರೆ. ಲವಣಾಂಶ ತೀರಾ ಇಳಿದ ಆ ನೀರೊಂದರಲ್ಲಿಯೇ ಮೀನು ನೆಮ್ಮದಿಯಾಗಿರದು. ಗಡಸು ನೀರಿಗೆ ಅರ್ಧ ಬೆರೆಸಲು ಅದು ಒಳ್ಳೆಯದು.

ಸಾಕಲಾಗದೆ ಬೇಸತ್ತವರು ಮೀನನ್ನು ಪುಣ್ಯವೆಂದು ಭಾವಿಸಿ ಹೊಳೆಗೋ ಕೆರೆಗೋ ಬಿಡುವುದೂ ಉಂಟು. ದಯವಿಟ್ಟು ಬಿಡಬೇಡಿರಿ. ತೊಟ್ಟಿಯ ಗಾಜನ್ನು ನೆಕ್ಕಿ ಶುಚಿ ಮಾಡುತ್ತದೆಂದು ತರುವ ದಕ್ಷಿಣ ಅಮೆರಿಕ ಮೂಲದ ಸಕ್ಕರ್ ಮೀನು ಹೀಗೆಯೇ ಹೊರಬಿದ್ದು ದೇಶದ ಹಲವು ಕೆರೆ, ಹೊಳೆಗಳಲ್ಲಿ ಬೇರೂರಿ ಸ್ಥಳೀಯ ಮೀನುಗಳ ಅನ್ನಕ್ಕೆ ಕಲ್ಲು ಹಾಕಿದೆ. ಕೊಂಡ ಅಂಗಡಿಗೆ ಹಿಂದಿರುಗಿಸಿ, ಅಥವಾ ಸಾಕುವ ಬೇರೆ ಮನೆಗೆ ಕೊಡಿರಿ.

ವಾರವಾರ ತೊಟ್ಟಿಯಿಂದ ತೆಗೆದ ಆ ಒಂದು ಬಕೆಟ್ಟು ನೀರನ್ನು ಬಚ್ಚಲಿಗೆ ಚೆಲ್ಲಬೇಕಾಗಿಲ್ಲ. ಅದರಲ್ಲಿ ಸೇರಿಕೊಂಡಿರುವ ನೈಟ್ರೇಟ್ ಗಿಡಗಳಿಗೆ ಗೊಬ್ಬರ. ಉಪ್ಪನ್ನಾಗಲಿ ರೋಗದ ಔಷಧವನ್ನಾಗಲಿ ಹಾಕಿರದ ವಾರದಲ್ಲಿ, ಸ್ಪಂಜನ್ನು ಅದ್ದಿ ಹಿಂಡಿದ ಮೇಲೆ, ಹಿತ್ತಿಲಿನ ದಾಸವಾಳಕ್ಕೋ ಪೂಜೆಯ ಪತ್ರೆಗೆಂದು ಬೆಳೆಸಿದ ಬಿಲ್ವದ ಬುಡಕ್ಕೋ ಸುರಿಯಬಹುದು.